ದೇವೀರಮ್ಮ ವಾಪಸ್ ಕೊಡದ ಬೋಗುಣಿ

ಕಣ್ಣು ಮುಚ್ಚು ಅಂದ್ರೆ ಒಂದೇ ಕಣ್ಣು ಮುಚ್ಚಿದ್ದೀಯಲ್ಲೇ ಪುಟ್ಟಿ, ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ? ಬಾಯಲ್ಲಿ ಏನದು, ಬೆಲ್ಲಾನಾ? ನುಂಗು ಮೊದ್ಲು. ಆಮೇಲೆ ಹೂಂ ಅಂತಿರ್ಬೇಕು, ಹೂಂ ಅನ್ನದಿದ್ರೆ ನಾ ಹೇಳಲ್ಲ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ಒಂದೂರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳಿದ್ದಳಂತೆ. ಬಲು ಅನುಮಾನದವಳಂತೆ. ಹಾಲಿನವಳು ಬಂದ್ರೆ ನೀರು ಬೆರೆಸಿದ್ದಾಳೆ ಅನ್ನೋದಂತೆ, ಕೋಳಿ ಕೂಗಿದ್ರೆ ಮೊಟ್ಟೆ ಪಕ್ಕದ ಮನೇಲಿ ಇಟ್ಟು ಇಲ್ಲಿ ಬಂದು ಕೂಗ್ತದೆ ಅನ್ನೋದಂತೆ. ಎಲ್ಲಕ್ಕಿಂತ ಹೆಚ್ಚಿನ ಅನುಮಾನ ಪಕ್ಕದ ಮನೆ ದೇವೀರಮ್ಮನ ಮೇಲೆ. ಯಾಕಂದ್ರೆ ದೇವೀರಮ್ಮನ ಬಾಣಂತನದಲ್ಲಿ ಇವಳೇ ಒಂದು ಕಂಚಿನ ಬೋಗುಣೀಲಿ ಸಾರು ತುಂಬಿ ಕೊಟ್ಟಿದ್ದಳಂತೆ. ಆಮೇಲೆ ಹೋಗಿ ನನ್ನ ಬೋಗುಣಿ ಎಲ್ಲೇ ಅಂದ್ರೆ, ಆವಾಗ್ಲೇ ಕೊಟ್ನಲ್ಲಕ್ಕ ಅಂದಳಂತೆ ಅವಳು. ಕೊಟ್ಟಿಲ್ಲ ಅಂತ ಇವಳು, ಕೊಟ್ಟೆ ಅಂತ ಅವಳು, ಆ ಕೂಸು ಬೆಳೆದು ಮೀಸೆ ಬಂದ್ರೂ ಗೋಡೆ ಆಚೆ ಈಚೆ ಜಗಳ ಮುಗೀಲಿಲ್ಲವಂತೆ.

ಹೂಂ ಅನ್ನೇ.

ಆಮೇಲೆ ಸಣ್ಣತಾಯಮ್ಮನಿಗೆ ಕಾಯಿಲೆ ಬಂತಂತೆ. ಕಾಲು ಊದಿ, ಮುಖ ಊದಿ, ಎರಡು ಹೆಜ್ಜೆ ಇಟ್ಟರೆ ಏದುಸಿರು ಬರ್ತಿತ್ತಂತೆ. ಪಂಡಿತ ಬಂದು ನೋಡಿದನಂತೆ. ಬೆನ್ನಿನ ಪಕ್ಕ, ಹೊಟ್ಟೆಯೊಳಗೆ, ಅವರೆಕಾಳಿನ ಆಕಾರದಲ್ಲಿ ಎರಡಿರ್ತಾವೆ, ನಿಮ್ಮಪ್ಪ ಕಿಡ್ನಿ ಅಂತಾನಲ್ಲ ಅದೇ, ಇವಳದು ಎರಡೂ ಕೆಟ್ಟಿವೆ, ಬದುಕಿರೋರು ಯಾರಾದ್ರೂ ತಮ್ಮದರಲ್ಲಿ ಒಂದು ಕೊಟ್ಟರೆ ಉಳೀತಾಳೆ, ಇಲ್ಲದಿದ್ರೆ ಇಲ್ಲ ಅಂದನಂತೆ. ಕೊಟ್ಟೋರು ಉಳಿದ ಒಂದರಲ್ಲೇ ಬದುಕಬಹುದು, ಆದ್ರೆ ಹೊಟ್ಟೆ ಕೊಯ್ಯೋ ಕೆಲಸ, ಹೆಚ್ಚುಕಮ್ಮಿ ಆದ್ರೂ ಆಗಬಹುದು, ಮನಸಾರೆ ಕೊಡಬೇಕು, ಬಲವಂತ ಮಾಡಂಗಿಲ್ಲ ಅಂತಾನೂ ಅಂದನಂತೆ.

ಅವಳಿಗೆ ಮೂರು ಜನ ಗಂಡುಮಕ್ಕಳಂತೆ. ದೊಡ್ಡವನು ಮುಂದೆ ಬಂದ, ರಕ್ತ ಹೊಂದಲಿಲ್ಲವಂತೆ. ನಡುವಿನವನಿಗೂ ಅವ್ವನ ಕಾಯಿಲೆಯೇ ಶುರುವಾಗಿತ್ತಂತೆ, ಪಾಪ. ಕಿರಿಯವ ಹೂಂ ಅಂದು, ಪಂಡಿತನ ಚೂರಿ ನೋಡಿ ಓಡಿಹೋಗಿ ಹೊಂಗೆಮರ ಹತ್ತಿ ಕೂತನಂತೆ. ನಗಬೇಡ, ಹೆದರಿಕೆ ಎಲ್ಲರಿಗೂ ಇರ್ತದೆ. ಪಂಡಿತನೂ ಅವನನ್ನ ಬಲವಂತ ಮಾಡ್ಬೇಡಿ ಬಿಡಿ ಅಂದನಂತೆ.

ಆಗ ಗೋಡೆ ಆಚೆಯಿಂದ ದೇವೀರಮ್ಮ, ನಂದು ತಗೊಳ್ಳಿ ಅಂದಳಂತೆ. ಪಂಡಿತ ಪರೀಕ್ಷೆ ಮಾಡಿದ್ರೆ ಸರಿಯಾಗಿ ಹೊಂದ್ತಂತೆ! ಎಲ್ಲರಿಗೂ ಖುಷಿಯೋ ಖುಷಿ. ಆದ್ರೆ ಸಣ್ಣತಾಯಮ್ಮ ಒಪ್ಪಬೇಕಲ್ಲ? ಬೇಡ, ಆ ಕಳ್ಳೀದು ನನ್ನ ಮೈಯೊಳಗೆ ಬೇಡ, ಸುಮ್ಮಸುಮ್ಮನೆ ಯಾರಾದ್ರೂ ಕೊಡ್ತಾರಾ, ಏನೋ ಮಸಲತ್ತಿದೆ ಅಂದಳಂತೆ.

ಮಾರನೇ ದಿನ ದೇವೀರಮ್ಮ ಬಂದ್ರೆ, ನಮ್ಮ ಹಿತ್ತಲ ನುಗ್ಗೆಮರದ ಮೇಲೆ ನಿನ್ನ ಕಣ್ಣು ಅಂದಳಂತೆ. ನಂಗೆ ನುಗ್ಗೇಕಾಯೇ ಸೇರಲ್ಲ ಅಂದಳಂತೆ ದೇವೀರಮ್ಮ. ಅದರ ಮಾರನೇ ದಿನ, ನನ್ನ ಮೊಮ್ಮಗಳನ್ನ ನಿನ್ನ ಮಗನಿಗೆ ತಂದ್ಕೊಳ್ಳೋ ಹೂಟ ಅಂದಳಂತೆ. ನಿನ್ನ ಮೂಗಿರೋ ಹುಡುಗಿ ನಮಗ್ಯಾಕಕ್ಕ ಅಂತ ದೇವೀರಮ್ಮ ಎದ್ದು ಹೋದಳಂತೆ. ಊರವರಿಗೂ ಅನುಮಾನ ಹತ್ತಿಕೊಂಡಿತಂತೆ. ಬಾವಿಕಟ್ಟೇಲೆಲ್ಲ ಅದೇ ಗುಸುಗುಸು, ಏನೋ ಇರ್ಬೇಕು ಕಣ್ರೇ, ಇಲ್ದೆ ಕೊಡ್ತಾಳಾ ಅಂತ.

ನಾಲ್ಕನೇ ದಿನಕ್ಕೆ ಸಣ್ಣತಾಯಮ್ಮನ ಮಾತೇ ತೊದಲೋಕೆ ಶುರುವಾಯ್ತಂತೆ. ಇವತ್ತು ಒಪ್ಪದಿದ್ರೆ ನನ್ನ ಕೈಲಿಲ್ಲ ಅಂದನಂತೆ ಪಂಡಿತ. ಮಕ್ಕಳು ಕಾಲು ಹಿಡ್ಕೊಂಡು ಅತ್ತರಂತೆ. ಆಗ ದೇವೀರಮ್ಮ ಸೆರಗಿನಡಿ ಏನೋ ಮುಚ್ಚಿಟ್ಕೊಂಡು ಬಂದಳಂತೆ. ಬಂದವಳು ಎಲ್ಲರ ಮುಂದೇನೇ ಅದನ್ನ ಹಾಸಿಗೆ ಮೇಲಿಟ್ಟಳಂತೆ. ಏನು ಹೇಳು? ಹೂಂ, ಅದೇ ಕಂಚಿನ ಬೋಗುಣಿ!

ಅಕ್ಕ, ನಾ ಕೊಟ್ಟಿರಲಿಲ್ಲ, ಸುಳ್ಳು ಹೇಳಿದ್ದೆ ಅಂದಳಂತೆ. ತುಂಬಿ ಕೊಟ್ಟ ಪಾತ್ರೇನ ಬರಿದು ಮಾಡಿ ವಾಪಸ್ ಕೊಡಬಾರದಲ್ಲ, ಒಂದು ಹಿಡಿ ಕಾಳೋ ಬೆಲ್ಲದ ಚೂರೋ ಹಾಕಬೇಕಲ್ಲ, ಅವತ್ತು ನಮ್ಮನೇಲಿ ಏನೂ ಇರಲಿಲ್ಲ. ನಾಳೆ ಕೊಡೋಣ, ನಾಳಿದ್ದು ಕೊಡೋಣ ಅಂತ ಇಟ್ಕೊಂಡೆ. ನೀನು ಬಾಗಿಲಿಗೆ ಬಂದು ಕೇಳಿದಾಗ ಹೇಳೋಕೆ ನಾಚಿಕೆಯಾಗಿ, ಕೊಟ್ಟೆ ಅಂದ್ಬಿಟ್ಟೆ. ಆಮೇಲೆ ಮನೆಗೆ ಕಾಳೂ ಬಂತು ಬೆಲ್ಲಾನೂ ಬಂತು, ನಂಗೆ ಬಾಯಿ ಬರಲಿಲ್ಲ ಅಂತ ಅತ್ತಳಂತೆ.

ಸಣ್ಣತಾಯಮ್ಮನಿಗೆ ಎಲ್ಲಿತ್ತೋ ಜೀವ, ನಾ ಹೇಳ್ಲಿಲ್ವಾ, ನಾ ಹೇಳ್ಲಿಲ್ವಾ ಅಂತ ಎದ್ದೇ ಕೂತಳಂತೆ! ಆಮೇಲೆ, ಹಂಗಾದ್ರೆ ಬೋಗುಣಿಗೆ ಬದಲು ಇದನ್ನ ಕೊಡ್ತಿದ್ದೀಯಾ ಅಂದಳಂತೆ. ಥೂ ಹೋಗಕ್ಕ, ಬೋಗುಣಿಗೆ ಯಾರಾದ್ರೂ ಹೊಟ್ಟೆ ಕೊಯ್ಸಿಕೊಳ್ತಾರಾ? ನೀನು ಹೋಗ್ಬಿಟ್ರೆ ಗೋಡೆ ಆಚೆಯಿಂದ ನನ್ನ ಬೈಯೋರು ಯಾರು? ನಂಗೆ ಭಯ ಆಗ್ತದೆ ಕಣಕ್ಕ ಅಂದಳಂತೆ ದೇವೀರಮ್ಮ.

ಸಣ್ಣತಾಯಮ್ಮ ಬೋಗುಣಿಯೊಳಗೆ ಇಣುಕಿ ನೋಡಿ, ಇವತ್ತೂ ಬರೀ ಬೋಗುಣಿನೇ ತಂದಿದ್ದೀಯಲ್ಲೇ ಅಂದಳಂತೆ.

ಬರೀದೆಲ್ಲಿ, ಜೊತೇಲಿ ನಾ ಬಂದಿಲ್ವಾ ಅಂದಳಂತೆ ಅವಳು.

ತನ್ನ ಮೇಲೆ ತಾನೇ ಇಷ್ಟು ಹೇಳ್ಕೊಂಡವಳು ಇನ್ನೇನು ಬಚ್ಚಿಡ್ತಾಳೆ? ಸಣ್ಣತಾಯಮ್ಮ ಗೊಳೋ ಅಂತ ಅತ್ತು ಹೂಂ ಅಂದಳಂತೆ.

ಆಮೇಲೆ ಪಂಡಿತ ಇಬ್ಬರನ್ನೂ ಮಲಗಿಸಿ, ಕೊಯ್ದು, ದೇವೀರಮ್ಮನಿಂದ ತೆಗೆದು ಸಣ್ಣತಾಯಮ್ಮನಿಗಿಟ್ಟು, ಹೊಲಿದನಂತೆ. ಕೊಟ್ಟವಳೇ ಏಳೋಕೆ ತಡ ಮಾಡಿದಳಂತೆ, ನೋವಿಗೆ ನರಳ್ತಿದ್ದಳಂತೆ. ಮೊದಲು ಎದ್ದ ಸಣ್ಣತಾಯಮ್ಮ ಅದೇ ಬೋಗುಣೀಲಿ ಸಾರು ತಂದು ಕುಡಿಸಿದಳಂತೆ. ಓಡಾಡೋ ಹಂಗಾದ ಮೇಲೆ ದೇವೀರಮ್ಮ, ಒಂದು ಹಿಡಿ ಅವರೆಕಾಳು ಹಾಕಿ ಬೋಗುಣಿ ವಾಪಸ್ ಕೊಟ್ಟಳಂತೆ. ಸಣ್ಣತಾಯಮ್ಮ ಕಾಳು ಮಡಿಲಿಗೆ ಸುರ್ಕೊಂಡು, ಬೋಗುಣಿ ಬೋರಲು ಹಾಕಿ, ತಳ ತಟ್ಟಿ ನೋಡಿದಳಂತೆ, ತನ್ನದೇ ಹೌದಾ ಅಂತ!

ಅವರ ಜಗಳ ಮುಗೀಲಿಲ್ಲ, ನನ್ನ ಕತೆ ಮುಗೀತು. ಪುಟ್ಟೀ? ನಿದ್ದೇನಾ, ನಾಟಕಾನಾ? ಎಲ್ಲಿ, ಬಾಯಿ ತೆಗಿ ನೋಡೋಣ.