ನಲವತ್ತೈದನೆಯ ಎಲೆ

ಛತ್ರದ ಯಜಮಾನ ಶೇಷಾಚಲಯ್ಯ ಅಡುಗೆಯವಳನ್ನು ಗದರಿದರು: "ಊಟಕ್ಕೆ ಇನ್ನೂರೈವತ್ತು ಜನ. ನೂರಕ್ಕೆ ಹದಿನೆಂಟು ಮಂದಿ ನನ್ನ ಹಾಗೆ ಈರುಳ್ಳಿ ಮುಟ್ಟದವರು. ಅವರ ಎಲೆ ಬೇರೆ ಸಾಲಿಗೆ ಹಾಕು. ಒಂದು ತಪ್ಪಿದರೂ ನಾಳೆಯಿಂದ ನಿನಗೆ ಕೆಲಸವಿಲ್ಲ!"

ಅವಳು ಸೌಟು ಹಿಡಿದೇ ಲೆಕ್ಕ ಹಾಕಿದಳು. ನೂರಕ್ಕೆ ಹದಿನೆಂಟಾದರೆ ಇನ್ನೂರಕ್ಕೆ ಮೂವತ್ತಾರು, ಮಿಕ್ಕ ಐವತ್ತಕ್ಕೆ ಒಂಬತ್ತು. ಒಟ್ಟು ನಲವತ್ತೈದು.

ಊಟದ ಹೊತ್ತಿಗೆ ಯಜಮಾನರು ಬಂದು ಎಲೆ ಎಣಿಸಿದರು. "ನಲವತ್ತನಾಲ್ಕೇ! ಸಿಕ್ಕಿಬಿದ್ದೆಯಲ್ಲ! ಇನ್ನೊಂದು ಎಲ್ಲಿ ಹೋಯಿತೇ?"

ಅವಳು ದನಿ ತಗ್ಗಿಸಿದಳು. "ಲೆಕ್ಕ ನಲವತ್ತೈದೇ, ಯಜಮಾನರೇ. ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು ಎರಡು ತಟ್ಟೆ ಈರುಳ್ಳಿ ಬಜ್ಜಿ ತಿಂದವರೊಬ್ಬರನ್ನು ಕಳೆದೆ. ಹೆಸರು ಕೂಗಲೇ?"

ಶೇಷಾಚಲಯ್ಯ ಮೀಸೆ ಒರೆಸಿಕೊಂಡರು. "ಲೆಕ್ಕ ಸರಿಯಾಗಿದೆ. ನಾಳೆಯೂ ನೀನೇ ಬಾ" ಎಂದವರೇ ಈರುಳ್ಳಿ ಹುಳಿಯ ಸಾಲಿಗೆ ಹೋಗಿ ಕೂತರು. ಹುಳಿಯನ್ನು ಮೂರು ಸಲ ಹಾಕಿಸಿಕೊಂಡರು.