ಅವಸರದ ಬಟ್ಟಲು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ತಲೆದಂಡ!" ಎಂದು ಹೊಳಲುಪುರದಲ್ಲಿ ಡಂಗುರ ಸಾರಿದರು.

ಅದೇ ಅಮಾವಾಸ್ಯೆಗೆ ಗಾಜು ಮಾಡುವ ಮಾಚಯ್ಯನಿಗೂ ತಲೆದಂಡ ನಿಗದಿಯಾಗಿತ್ತು. ಕುಮಾರಿಯ ಹುಟ್ಟುಹಬ್ಬಕ್ಕೆ ಅವನ ಗಾಜಿನ ಗೂಡಿನಿಂದ ಬಂದ ದೀಪದ ಗಾಜಿನ ಬಟ್ಟಲು ಯಾರೂ ಮುಟ್ಟದೆ ಸಿಡಿದು ರಾಣಿಯ ಕಣ್ಣು ಹೋಗಿತ್ತು. ಡಂಗುರ ಕೇಳಿ ಮಾಚಯ್ಯನ ಶಿಷ್ಯ ಬೊಮ್ಮಣ್ಣನೂ ಆಸ್ಥಾನಕ್ಕೆ ಬಂದ.

"ಬೆಂಕಿಯಲ್ಲಿ ಹುಟ್ಟಿ ನೀರಿನಂತೆ ಕಾಣುತ್ತದೆ, ಬಾಯಾರಿಕೆ ತೀರಿಸುವುದಿಲ್ಲ. ಏನದು?" ಎಂದಳು ಕುಮಾರಿ.

"ಸಾರಾಯಿ!" ಎಂದ ಒಗಟು ಬಿಡಿಸಲು ಬಂದಿದ್ದ ಮೊದಲನೆಯ ರಾಜಕುಮಾರ. ಪಾಪ, ತನಗೆ ಗೊತ್ತಿದ್ದದ್ದನ್ನು ಹೇಳಿದ. ಭಟರು ಎಳೆದೊಯ್ದರು.

ಎರಡನೆಯವನು "ಗಾಜು" ಎಂದು ಗೆದ್ದು ಮೀಸೆ ತಿರುವಿದ.

"ಗಾಯವಿಲ್ಲ, ಒಳಗೆ ನೋವಿದೆ. ಯಾರೂ ಮುಟ್ಟದಿದ್ದರೂ ಒಂದು ದಿನ ಸಿಡಿಯುತ್ತದೆ. ಆ ನೋವು ಬಂದದ್ದು ಎಲ್ಲಿಂದ?" ಎಂದು ಕುಮಾರಿ ಎರಡನೆಯದನ್ನು ಕೇಳಿದಳು.

"ವಿರಹದಿಂದ, ಸುಂದರಿ!"

ಅವನೂ ಸೆರೆಮನೆ ಸೇರಿದ.

ಬೊಮ್ಮಣ್ಣ ಮುಂದೆ ಬಂದ. "ಮೊದಲನೆಯದು ಗಾಜೇ, ತಾಯಿ. ಎರಡನೆಯದು ಅವಸರದಿಂದ. ಕಾದ ಗಾಜು ಮಣ್ಣು ಮೆತ್ತಿದ ಗೂಡಿನಲ್ಲಿ ತಾನಾಗಿ ತಣಿಯಬೇಕು. ಬೇಗ ತೆಗೆದರೆ ಹೊರಮೈ ಗಟ್ಟಿಯಾಗುತ್ತದೆ, ಒಳಗಿನ್ನೂ ಬಿಸಿ ಇರುತ್ತದೆ. ಆ ಎಳೆದಾಟ ಒಳಗೇ ಉಳಿಯುತ್ತದೆ."

ಮೂರನೆಯದನ್ನು ಕೇಳುವಾಗ ಕುಮಾರಿಯ ದನಿ ಸಣ್ಣಗಾಯಿತು. "ಒಡೆಯದೆ ಆ ನೋವನ್ನು ಕಾಣುವುದು ಹೇಗೆ?"

"ಬೆಳಕಿನಲ್ಲಿ."

ಬೊಮ್ಮಣ್ಣ ಸಿಡಿದ ಬಟ್ಟಲಿನ ಜೊತೆಗೇ ಗೂಡಿನಿಂದ ತೆಗೆದ ಇನ್ನೊಂದು ಬಟ್ಟಲನ್ನು ತರಿಸಿ ಅರಮನೆಯ ಕೊಳದ ದಡದಲ್ಲಿ ಕೂತ. ನೀರಿನ ಹೊಳಪನ್ನು ಸೋಸುವ, ತೆಳ್ಳಗೆ ಸಾಣೆ ಹಿಡಿದ ಹಸಿರು ಕಲ್ಲೊಂದನ್ನು ಕಣ್ಣಿಗೆ ಹಿಡಿದು, ನೀರಿನ ಹೊಳಪು ಮಂಕಾಗುವವರೆಗೆ ತಿರುಗಿಸಿದ. ಕಲ್ಲಿಗೂ ನೀರಿಗೂ ನಡುವೆ ಬಟ್ಟಲು ಹಿಡಿದು, ಕಲ್ಲಿನ ಮೂಲಕ ನೋಡಲು ರಾಜನನ್ನು ಕರೆದ. ಮಂಕು ನೀರಿನೆದುರು ಬಟ್ಟಲಿನ ತುಂಬ ಬಣ್ಣದ ಗೆರೆಗಳು ಒತ್ತೊತ್ತಾಗಿ ಎದ್ದಿದ್ದವು. ಒಳಗಿನ ಎಳೆದಾಟವೇ ಅದು. ನಿಧಾನವಾಗಿ ತಣಿದಿದ್ದ ಅರಮನೆಯ ಹಳೆಯ ಬಟ್ಟಲು ಹಿಡಿದರೆ ಒಂದು ಗೆರೆಯೂ ಇಲ್ಲ.

"ಗೂಡನ್ನು ಬೇಗ ತೆರೆದವರು ಯಾರು?" ಎಂದು ರಾಜ ಗುಡುಗಿದ.

"ನಾನು, ಪ್ರಭು. ಗುರುಗಳು ಊರಲ್ಲಿರಲಿಲ್ಲ. ಅವರನ್ನು ಹಿಡಿದಾಗ ಹೆದರಿ ಸುಮ್ಮನಿದ್ದೆ. ಅವರನ್ನು ಬಿಡಿ, ನಾನು ಕೇಳುವುದು ಅದೊಂದೇ. ತಲೆ ನನ್ನದು ತೆಗೆಯಿರಿ."

"ಯಾರ ಮಾತಿಗೆ ತೆರೆದೆ?"

ಬೊಮ್ಮಣ್ಣ ಬಟ್ಟಲನ್ನು ಕೆಳಗಿಟ್ಟು, ಕತ್ತು ಮುಂದೆ ಚಾಚಿದ.

"ನನ್ನ ಮಾತಿಗೆ, ಅಪ್ಪಾಜಿ," ಎಂದು ಹೊನ್ನಾಂಬೆ ಅತ್ತುಬಿಟ್ಟಳು. "ಹಬ್ಬಕ್ಕೆ ಬೇಕೇ ಬೇಕೆಂದು ಹಟ ಹಿಡಿದು ಆಳು ಕಳಿಸಿದೆ. ನಿಜ ಹೇಳಲು ಬಾಯಿ ಬರಲಿಲ್ಲ. ಯಾರಾದರೂ ಅದನ್ನು ಹೊರಗೆಳೆಯಲಿ ಎಂದು ಒಗಟು ಕಟ್ಟಿದೆ."

"ವಿಚಾರಿಸದೆ ತೀರ್ಪು ಕೊಟ್ಟ ನನ್ನದೂ ಅವಸರವೇ" ಎಂದು ರಾಜ ಎಲ್ಲರನ್ನೂ ಸೆರೆಯಿಂದ ಬಿಡಿಸಿದ. ಬೊಮ್ಮಣ್ಣನಿಗೆ ಗುರು ಸಿಕ್ಕಿದ, ತಲೆಯೂ ಉಳಿಯಿತು.

ರಾಣಿಯ ಕಣ್ಣು ಮಾತ್ರ ಬರಲಿಲ್ಲ. ಆಮೇಲೆ ಆ ಊರಲ್ಲಿ ಗಾಜಿನ ಗೂಡು ತೆರೆಯಲು ಅಪ್ಪಣೆ ಕೊಡುವುದು ಅವಳ ಕೆಲಸವೇ ಆಯಿತು. ಮಗಳ ಕೈ ಹಿಡಿದು ಬಂದು, ಗೂಡಿಗೆ ಮೆತ್ತಿದ ಮಣ್ಣಿನ ಮೇಲೆ ಅಂಗೈಯಿಟ್ಟು ನೋಡುತ್ತಿದ್ದಳು.

"ಇನ್ನೂ ಬಿಸಿ ಇದೆ, ಮಗಳೇ. ಕಾಯೋಣ."

ಹೊನ್ನಾಂಬೆಯೂ ಬೊಮ್ಮಣ್ಣನೂ ಅವಳ ಜೊತೆ ಕಾಯುತ್ತಿದ್ದರು.