ಗಾಳೆವ್ವ ಕೆಮ್ಮದ ಸೋಮವಾರ

ಒಬ್ಬಳು ಅವ್ವ, ಅವಳಿಗೊಬ್ಬ ಪೆದ್ದ ಮಗ. ಅವ್ವನ ಹೆಸರು ಗಾಳೆವ್ವ, ಮಗನ ಹೆಸರು ಸುಂಕ. ಊರ ಹೊರಗೆ ಗುಡ್ಡ, ಗುಡ್ಡದ ಬುಡಕ್ಕೆ ಖಡಿ ಮಷೀನು. ಗುಡ್ಡ ಒಡೆದು ತಂದ ಕಲ್ಲನ್ನು ಆ ಮಷೀನು ಅಗಿದು, ಚೂರುಚೂರು ಖಡಿ ಮಾಡಿ ಉಗುಳುತ್ತದೆ. ಅದು ಉಗುಳಿದ ಧೂಳನ್ನು ಕೂಲಿಯವರು ನುಂಗುತ್ತಾರೆ. ಗಾಳೆವ್ವ ಹದಿನೆಂಟು ವರ್ಷ ನುಂಗಿದ್ದಳು. ನಗಬೇಕು ಅನ್ನಿಸಿದ ಕಡೆ ನಗಿ. ಪೆದ್ದನ ಕತೆ ಇರುವುದೇ ನಗಲಿಕ್ಕೆ.

ಸುಂಕನಿಗೆ ಒಂದೇ ಕೆಲಸ. ಮಷೀನಿನ ಸ್ವಿಚ್ಚಿನ ಪಕ್ಕ ಕೂರುವುದು. ಮೇಸ್ತ್ರಿ ವೀರಭದ್ರ 'ಹಾಕಲೇ' ಅಂದರೆ ಹಾಕಬೇಕು, 'ಬಂದ್ ಮಾಡಲೇ' ಅಂದರೆ ಬಂದ್ ಮಾಡಬೇಕು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವ, ಯಾಕೆ ಅಂತ ಕೇಳದವ. ಇಂಥವರು ಅಂದರೆ ಸಾವುಕಾರರಿಗೆ ಪ್ರಾಣ.

ಕಲ್ಲಿನ ಮೇಲೆ ನೀರು ಬಿಟ್ಟರೆ ಧೂಳು ಏಳುವುದಿಲ್ಲ. ಒಂದು ಪೈಪು, ಒಂದು ನಲ್ಲಿ, ಅಷ್ಟು ಸಾಕು. ಕೂಲಿಯವರು ಅದನ್ನು ಮೂರು ವರ್ಷ ಕೇಳಿದರು. ಕೊಡಲಿಲ್ಲ. ಗಾಳೆವ್ವ ಕೆಮ್ಮುತ್ತ ಕೆಮ್ಮುತ್ತ ಪಟ್ಟಣದ ಸರ್ಕಾರಿ ಕಚೇರಿಗೆ ನಡೆದು ಹೋದಳು. "ಬರುವ ಸೋಮವಾರ ಸಾಹೇಬರು ಬರ್ತಾರ. ಎಲ್ಲರ ಹೆಬ್ಬೆಟ್ಟು ಒತ್ತಿದ ಅರ್ಜಿ ತಯಾರ ಇಡು" ಅಂದರು ಅಲ್ಲಿಯವರು. ನಲವತ್ತು ಹೆಬ್ಬೆಟ್ಟು ಒತ್ತಿಸಿ, ಕಾಗದವನ್ನು ಟ್ರಂಕಿನಲ್ಲಿ ಇಟ್ಟಳು.

ಮಷೀನಿನ ಸಾವುಕಾರರಿಗೆ ಸುದ್ದಿ ಮುಟ್ಟಿತು. ನೀರು ಕೇಳಿದವರಿಗೆ ಒಬ್ಬ ಮೇಡಂನ ಕಳಿಸಿದರು! ದಿನಾ ಒಂದೊಂದು ಒಳ್ಳೆಯ ರೂಢಿ ಕಲಿಸಿ ಮನಸ್ಸು ತಣ್ಣಗೆ ಮಾಡುವ ಮೇಡಂ. ಕೂಲಿಯವರು ಆಕೆಗೆ ನೆಮ್ಮದಿ ಮೇಡಂ ಅಂತ ಹೆಸರಿಟ್ಟರು.

ಬುಧವಾರ ಮೇಡಂ ಹೇಳಿದರು: "ಕೆಲಸ ಶುರುವಾಗೋ ಮುಂಚೆ ನಿಂತಲ್ಲೇ ಹತ್ತು ಸಲ ಆಳವಾಗಿ ಉಸಿರು ಎಳ್ಕೊಳ್ಳಿ. ದಿನವೆಲ್ಲಾ ಹಗುರ ಇರುತ್ತೆ."

ಸುಂಕ ನಿಂತಿದ್ದು ಎಲ್ಲಿ? ಖಡಿ ಬೀಳುವ ಬೆಲ್ಟಿನ ಕೆಳಗೆ, ನಿನ್ನೆಯ ಧೂಳು ಇನ್ನೂ ಉದುರುತ್ತಿದ್ದ ಕಡೆ. ನಿಂತಲ್ಲೇ ಎಳೆದ. ಒಂದು, ಎರಡು, ಮೂರು. ನಾಲ್ಕಕ್ಕೆ ಕಣ್ಣು ಮೇಲೆ ಹೋದವು. ಐದಕ್ಕೆ ಬಿದ್ದ!

"ಏ ಹುಚ್ಚ್ ಮಗನ!" ಗಾಳೆವ್ವ ಬೆನ್ನಿಗೆ ಗುದ್ದಿ ಗುದ್ದಿ ಕೆಮ್ಮಿಸಿದಳು. "ಧೂಳನ್ಯಾಗ ನಿಂತು ಉಸಿರು ಎಳೀತಾರೇನೋ?"

"ಮೇಡಂ ಹೇಳ್ಯಾರ ಯವ್ವಾ!"

"ಅವರ ಮನಿಯಾಗ ಗಾಳಿ ಐತಿ, ನಮ್ಮ ಮನಿಯಾಗ ಏನೈತಿ? ಇನ್ನ ಮ್ಯಾಲ ಧೂಳು ಕಂಡ್ರ ಬಾಯಿಗಿ ಒದ್ದಿ ಬಟ್ಟಿ ಕಟ್ಟಬೇಕು. ತಿಳೀತಾ?"

"ತಿಳೀತವ್ವ."

ಗುರುವಾರ ಮೇಡಂ ಬಂದರು. ಎಲ್ಲರನ್ನೂ ಕಣ್ಣು ಮುಚ್ಚಿ ಕೂರಿಸಿದರು. "ಮನಸ್ಸಿನಲ್ಲಿ ಒಂದು ತಿಳಿಗೊಳ ನೋಡಿ..." ಅಷ್ಟರಲ್ಲಿ ಲಾರಿಯೊಂದು ಹಾದುಹೋಯಿತು. ಮೇಡಂ ಧೂಳಲ್ಲಿ ಮುಳುಗಿದರು. ಸುಂಕ ಕಣ್ಣು ಬಿಟ್ಟ, ಧೂಳು ಕಂಡ. ಹೆಗಲ ಮೇಲಿನ ಟವೆಲ್ಲನ್ನು ಕೊಡದೊಳಗೆ ಅದ್ದಿದ, ಓಡಿ ಬಂದ, ಮೇಡಂ ಬಾಯಿಗೆ ಬಿಗಿದು ಎರಡು ಗಂಟು ಹಾಕಿದ!

ಕೂಲಿಯವರು ಅವತ್ತು ನಕ್ಕಷ್ಟು ಎಂದೂ ನಕ್ಕಿರಲಿಲ್ಲ. ಮೇಸ್ತ್ರಿ ಸುಂಕನ ಕಪಾಳಕ್ಕೆ ಎರಡು ಬಿಟ್ಟ. ಮಗನ ತಪ್ಪಿಗೆ ಶಿಕ್ಷೆ ಅವ್ವನಿಗೆ: ನೆರಳಲ್ಲಿ ಜರಡಿ ಹಿಡಿಯುತ್ತಿದ್ದವಳನ್ನು ಮಷೀನಿನ ಬಾಯಿಗೆ ಕಲ್ಲು ಎತ್ತಿ ಹಾಕಲು ನಿಲ್ಲಿಸಿದ.

"ನನ್ನ ಕೊಲ್ಲಾಕ ಹುಟ್ಟೀಯೇನೋ! ಮೇಡಂ ಬಾಯಿ ಕಟ್ಟೂದಾ?"

"ಧೂಳು ಇತ್ತವ್ವ!"

"ಧೂಳು ಇತ್ತು, ಬುದ್ಧಿ ಇರಲಿಲ್ಲ. ಇನ್ನ ಮ್ಯಾಲ ದೊಡ್ಡವರು ಮಾತಾಡಾಕ ಹತ್ತಿದ್ರ ಕಣ್ಣು ಮುಚ್ಚು, ಕೈ ಕಟ್ಟು. ಅವರ ಮಾತು ಮುಗಿಯೂತನ ಅಲುಗಾಡಬ್ಯಾಡ. ತಿಳೀತಾ?"

"ತಿಳೀತವ್ವ."

ಶುಕ್ರವಾರ ಮಷೀನಿನ ಬಾಯಲ್ಲಿ ನಿಂತ ಗಾಳೆವ್ವನಿಗೆ ಕೆಮ್ಮು ಹತ್ತಿತು. ಬಗ್ಗಿದಳು, ಮತ್ತೂ ಬಗ್ಗಿದಳು. ಸೆರಗು ಪಕ್ಕದಲ್ಲಿ ತಿರುಗುತ್ತಿದ್ದ ಬೆಲ್ಟಿಗೆ ಸಿಕ್ಕಿತು. ಬೆಲ್ಟು ಎಳೆಯತೊಡಗಿತು.

"ಸುಂಕಾ! ಬಂದ್ ಮಾಡಲೇ!" ಮೇಸ್ತ್ರಿ ಕೂಗಿದ.

ದೊಡ್ಡವರು ಮಾತಾಡುತ್ತಿದ್ದಾರೆ. ಸುಂಕ ಕಣ್ಣು ಮುಚ್ಚಿದ, ಕೈ ಕಟ್ಟಿದ.

"ಬಂದ್ ಮಾಡಲೇ! ಬಂದ್ ಮಾಡೋ ಮಗನ! ಬಂದ್ ಮಾಡೋ!"

ಮಾತು ಮುಗಿಯಲೇ ಇಲ್ಲ. ಸುಂಕ ಅಲುಗಾಡಲೇ ಇಲ್ಲ. ಪಕ್ಕದ ಗುಡಿಸಲಿನ ಹುಲಿಗೆವ್ವ ಬುಟ್ಟಿ ಎಸೆದು ಓಡಿ ಬಂದು ಸ್ವಿಚ್ಚು ಎಳೆದಳು. ಗಾಳೆವ್ವನ ತೋಳಿನ ಚರ್ಮ ಮೊಣಕೈತನಕ ಸುಲಿದಿತ್ತು.

ಮನೆಯಲ್ಲಿ ಅರಿಶಿನ ಮೆತ್ತಿಕೊಳ್ಳುತ್ತ ಅವ್ವ ಬೈದಳು. ಬೈಯಲಿಕ್ಕೂ ಉಸಿರು ಸಾಲದು, ಒಂದು ಮಾತಿಗೆ ಒಂದು ಸಲ ನಿಂತಳು. "ಸುಮ್ನ... ಕೂತೀಯಲ್ಲೋ! ಸುಮ್ನ ಕೂತ್ರ... ಬಡವರು ಸಾಯ್ತಾರ. ಇನ್ನ ಮ್ಯಾಲ... ಕೈ ಖಾಲಿ ಬಿಡಬ್ಯಾಡ. ಏನರ ಮಾಡ್ತಿರು. ತಿಳೀತಾ?"

"ತಿಳೀತವ್ವ."

ಶನಿವಾರ ಮೇಡಂ ಎಲ್ಲರಿಗೂ ಒಂದೊಂದು ಬಣ್ಣದ ಪೆನ್ನು ಹಂಚಿದರು. "ನಿಮ್ಮೊಳಗೆ ಒಬ್ಬ ಕಲಾವಿದ ಮಲಗಿದಾನೆ. ದಿನಾ ಒಂದು ಹೊಸ ಚಿತ್ರ ಬರೀರಿ. ಕೈಗೆ ಸಿಕ್ಕ ಕಾಗದ ಸಾಕು. ದುಃಖ ಹಾರಿಹೋಗುತ್ತೆ."

ಭಾನುವಾರ ರಜೆ. ಅವ್ವ ನೀರು ತರಲು ಹೋದಳು. ಸುಂಕನ ಕೈ ಖಾಲಿ. ಖಾಲಿ ಬಿಡುವ ಹಾಗಿಲ್ಲ! ಕಾಗದ ಹುಡುಕಿದ. ಮನೆಯಲ್ಲಿ ಇದ್ದದ್ದು ಒಂದೇ ಕಾಗದ, ಟ್ರಂಕಿನಲ್ಲಿ. ಅದರ ತುಂಬ ನಲವತ್ತು ನೀಲಿ ಚುಕ್ಕೆ, ಒಂದೊಂದೂ ಗುಬ್ಬಿಯ ಹೊಟ್ಟೆಯ ಹಾಗೆ ದುಂಡಗೆ. ಒಂದಕ್ಕೆ ಕೊಕ್ಕು ಬರೆದ. ಚೆಂದ ಕಂಡಿತು. ಎರಡು ಕಾಲು ಬರೆದ. ಇನ್ನೂ ಚೆಂದ ಕಂಡಿತು. ನಲವತ್ತಕ್ಕೂ ಬರೆದ. ಅರ್ಜಿಯ ಅಕ್ಷರದ ಮೇಲೆ ದಪ್ಪನೆಯ ಕೆಂಪು ಕೊಂಬೆ ಎಳೆದು ಕೂರಿಸಿದ.

ಕೊಡ ಇಳಿಸಿ ಗಾಳೆವ್ವ ನೋಡಿದಳು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಹುಲಿಗೆವ್ವನ ಹೆಬ್ಬೆಟ್ಟಲ್ಲೇನೋ?"

"ಹೌದವ್ವ. ಅಕಿ ಗುಬ್ಬಿ ಬಾಯಿ ತೆರದೈತಿ, ಅಕಿ ಭಾಳ ಮಾತಾಡ್ತಾಳಲ್ಲ."

"ನಂದು?"

"ಇಕಾ, ಮ್ಯಾಲಿನ ಕೊಂಬಿ ಮ್ಯಾಲ ಐತಿ. ಅಲ್ಲಿ ಧೂಳು ಬರಂಗಿಲ್ಲ."

ಬೈಯಬೇಕು ಅಂತ ಬಾಯಿ ತೆರೆದವಳಿಗೆ ನಗು ಬಂತು. ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಸೆರಗು ಕೆಂಪಾಯಿತು. ಬಹಳ ಹೊತ್ತಿನ ಮೇಲೆ ಅಂದಳು:

"ಕೆಡಿಸಿದೆಲ್ಲೋ. ನಾಳೆ ಸಾಹೇಬ ಬರ್ತಾನ. ಇನ್ನ ಬಾಯಿಲೆ ಹೇಳೂದ ಉಳದದ್ದು. ನಾನ ಹೇಳ್ತೀನಿ. ನನಗ ಉಸಿರು ಸಾಲಲಿಲ್ಲ ಅಂದ್ರ ನೀ ಹೇಳಬೇಕು. ಇದ್ದದ್ದು ಇದ್ದಂಗ ಹೇಳು. ಎಷ್ಟು ಕೇಳ್ತಾನ ಅಷ್ಟ ಹೇಳು. ನಿನ್ನ ಸ್ವಂತ ಬುದ್ಧಿಲೆ ಒಂದು ಮಾತೂ ಸೇರಿಸಬ್ಯಾಡ. ತಿಳೀತಾ?"

"ತಿಳೀತವ್ವ."

ಸೋಮವಾರ ಬೆಳಗಾಯಿತು. ಸುಂಕ ಎದ್ದ. ಅವ್ವ ಏಳಲಿಲ್ಲ. ದಿನಾ ಅವಳ ಕೆಮ್ಮಿಗೇ ಅವನು ಏಳುತ್ತಿದ್ದ, ಇವತ್ತು ಕೆಮ್ಮೇ ಇಲ್ಲ. ಶನಿವಾರ ಹೊರಡುವಾಗ ಮೇಡಂ ಹೇಳಿದ್ದು ನೆನಪಾಯಿತು: ನಿದ್ದೆಗಿಂತ ದೊಡ್ಡ ಔಷಧ ಇಲ್ಲ, ಮಲಗಿದವರನ್ನು ಎಬ್ಬಿಸಬೇಡಿ. ಕೌದಿಯನ್ನು ಗಲ್ಲದ ತನಕ ಹೊದಿಸಿದ. ಗುಬ್ಬಿಗಳ ಕಾಗದ ಹಿಡಿದು ಮೆಲ್ಲಗೆ ಹೊರಗೆ ಬಂದ.

ಉಳಿದ ಕೂಲಿಯವರನ್ನೆಲ್ಲ ಮೇಸ್ತ್ರಿ ನಸುಕಿನಲ್ಲೇ ಲಾರಿ ಹತ್ತಿಸಿ ದೂರದ ಇನ್ನೊಂದು ಕ್ವಾರಿಗೆ ಕಳಿಸಿದ್ದ. ಹುಲಿಗೆವ್ವನನ್ನೂ ಕಳಿಸಿದ್ದ. ಸಾಹೇಬರು ಹೋದ ಮೇಲೆ ಸ್ವಿಚ್ಚಿಗೆ ಬೇಕು ಅಂತ ಸುಂಕನನ್ನು ಮಾತ್ರ ಬಿಟ್ಟಿದ್ದ. ಮಷೀನು ಬಂದ್. ಅಂಗಳ ಗುಡಿಸಿಯಾಗಿತ್ತು. ಜೀಪಿನಲ್ಲಿ ಬಂದ ಸಾಹೇಬರು ಎಳನೀರು ಕುಡಿದು ಫಾರಂ ತೆಗೆದರು.

"ಅರ್ಜಿ ಎಲ್ಲೈತಪ್ಪ?"

ಸುಂಕ ಕೊಟ್ಟ. ಸಾಹೇಬರು ನೋಡಿ ನಕ್ಕರು. "ಏನಪ್ಪಾ ಇದು, ಗುಬ್ಬಿ ಸಂತಿ!"

"ನಾವು ಮೇಡಂನ ಕರೆಸಿ ಕಲಿಸೀವ್ರಿ ಸಾಹೇಬ್ರ" ಮೇಸ್ತ್ರಿ ಅಂದ. "ನೋಡ್ರಿ, ಎಷ್ಟು ಆರಾಮ ಅದಾರ ನಮ್ಮ ಜನ."

"ದೂರು ಕೊಟ್ಟಾಕಿ ಎಲ್ಲಿ?"

"ಮಲಗ್ಯಾಳ್ರಿ" ಸುಂಕ ಅಂದ.

"ಈ ಹೊತ್ತಿನ್ಯಾಗ? ನಿದ್ದಿ ಚಲೋ ಬರ್ತೈತೇನು?"

"ಇವತ್ತು ಭಾಳ ಚಲೋ ಬಂದೈತ್ರಿ."

"ಕೆಮ್ಮು?"

"ಇಲ್ರಿ."

"ಎದಿನೋವು ಅಂತಾಳೇನು?"

"ಏನೂ ಅನ್ನೂದಿಲ್ರಿ."

"ಉಸಿರಾಡಾಕ ತ್ರಾಸು?"

ಸುಂಕ ನೆನಪು ಮಾಡಿಕೊಂಡ. ಬೆಳಿಗ್ಗೆ ಅವ್ವನ ಎದೆಯಲ್ಲಿ ದಿನದ ಗೊರಗೊರ ಸದ್ದು ಇರಲಿಲ್ಲ. ಯಾವ ಸದ್ದೂ ಇರಲಿಲ್ಲ.

"ಇಲ್ರಿ. ತ್ರಾಸು ಎಲ್ಲಾ ಹೋಗೈತ್ರಿ."

ನಿನ್ನೆ ಸೆರಗು ಕೆಂಪಾಗಿತ್ತು ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಸಾಹೇಬರು ಕೇಳಲಿಲ್ಲ. ಕೇಳದ್ದನ್ನು ಸೇರಿಸಬೇಡ ಅಂದಿದ್ದಳು ಅವ್ವ. ನುಂಗಿದ.

ಸಾಹೇಬರು ಬರೆದರು: ದೂರುದಾರಳು ಆರೋಗ್ಯವಾಗಿದ್ದಾಳೆ. ಕೆಲಸಗಾರರು ನೆಮ್ಮದಿಯಿಂದ ಇದ್ದಾರೆ. ನೀರಿನ ಪೈಪಿನ ಅಗತ್ಯ ಕಂಡುಬಂದಿಲ್ಲ. ಸುಂಕನ ಹೆಬ್ಬೆಟ್ಟು ಒತ್ತಿಸಿಕೊಂಡು, ಗುಬ್ಬಿಗಳ ಕಾಗದವನ್ನು ಮಗಳಿಗೆ ತೋರಿಸುತ್ತೇನೆ ಅಂತ ಮಡಿಚಿ ಜೇಬಿಗೆ ಇಟ್ಟುಕೊಂಡು, ಜೀಪು ಹತ್ತಿದರು.

ಸುಂಕ ಮನೆಗೆ ಓಡಿದ. ಅವ್ವ ಹಾಗೇ ಮಲಗಿದ್ದಳು. ಮುಖದ ಮೇಲೆ ನೊಣ ಕೂತಿತ್ತು, ಓಡಿಸಿದ. ಪಕ್ಕದಲ್ಲಿ ಕೂತು ಪಿಸುಗುಟ್ಟಿದ:

"ಯವ್ವಾ, ಎಷ್ಟು ಕೇಳಿದ್ರು ಅಷ್ಟ ಹೇಳೀನಿ. ಒಂದು ಮಾತೂ ಸೇರಿಸಿಲ್ಲ."

ಬೈಗುಳಕ್ಕೆ ಕಾದ. ಬುಧವಾರ ಬೈದಿದ್ದಳು, ಗುರುವಾರ ಬೈದಿದ್ದಳು, ಶುಕ್ರವಾರ ಬೈದಿದ್ದಳು, ನಿನ್ನೆಯೂ 'ಕೆಡಿಸಿದೆಲ್ಲೋ' ಅಂದಿದ್ದಳು. ಇವತ್ತು ಬೈಯಲಿಲ್ಲ.

ಸುಂಕನ ಮುಖ ಅರಳಿತು. "ಹಂಗಾದ್ರ ಇವತ್ತು ಸರಿ ಮಾಡೀನಿ ಅಂತಾತು!"

"ಹಾಕಲೇ ಸುಂಕಾ!" ಹೊರಗಿನಿಂದ ಮೇಸ್ತ್ರಿ ಕೂಗಿದ.

ಅವ್ವನ ನಿದ್ದೆಗೆ ಧೂಳು ಬೀಳದಿರಲಿ ಅಂತ ಟವೆಲ್ಲನ್ನು ನೀರಲ್ಲಿ ಅದ್ದಿ ಅವಳ ಬಾಯಿಗೆ ಕಟ್ಟಿದ. ತಟ್ಟಿಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡ. ಓಡಿಹೋಗಿ ಸ್ವಿಚ್ಚು ಹಾಕಿದ.